ಪರದೆಯ ಹಿಂದೆ ಆರು ದಿನ

ಇಪ್ಪತ್ತೇಳು ವರ್ಷದಿಂದ ಊರಿನ ಗ್ರಂಥಾಲಯದ ಕೌಂಟರಿನಲ್ಲಿ ಕುಳಿತು ಪುಸ್ತಕಗಳಿಗೆ ಮೊಹರು ಹಾಕುತ್ತಿದ್ದ ಈ ಮನುಷ್ಯನನ್ನು ಬೀದಿಯವರು ತಾರೀಕಪ್ಪ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇರುತ್ತಿದ್ದ, ಒಳಗೊಳಗೇ ಸ್ವಲ್ಪ ಉಬ್ಬುತ್ತಲೂ ಇದ್ದ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ರಬ್ಬರಿನ ಮೊಹರಿನ ಪುಟ್ಟ ಚಕ್ರಗಳನ್ನು ಉಗುರಿನಿಂದ ತಿರುಗಿಸಿ, ಅಂದಿನ ದಿನಕ್ಕೆ ಹದಿನೈದು ಸೇರಿಸಿ ನಿಲ್ಲಿಸುವುದು ಅವನ ಮೊದಲ ಕೆಲಸ. ಪುಸ್ತಕ ಒಯ್ದವರು ಆ ತಾರೀಕಿಗೆ ತಂದುಕೊಡಬೇಕು. ಒಂದು ದಿನ ತಡವಾದರೂ ಉಪನ್ಯಾಸ ಕೇಳಿಯೇ ಮನೆಗೆ ಹೋಗಬೇಕು.

ಅವನ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದವರು ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಒಮ್ಮೆ ಅವರು ಎರಡು ದಿನ ತಡವಾಗಿ ಪುಸ್ತಕ ತಂದರು. ಜ್ವರ ಬಂದಿತ್ತು ಎಂದರು. ಸಾಲಿನಲ್ಲಿ ನಿಂತ ನಾಲ್ಕು ಜನರ ಮುಂದೆ ತಾರೀಕಪ್ಪ, "ಜ್ವರ ಬಂದಿದ್ದು ನಿಮಗೆ, ಪುಸ್ತಕಕ್ಕಲ್ಲವಲ್ಲ" ಎಂದ. ನರ್ಸಮ್ಮ ನಕ್ಕುಬಿಟ್ಟರು. ಅವರು ನಕ್ಕದ್ದರಿಂದ ತಾನು ಹೇಳಿದ್ದು ಒಳ್ಳೆಯ ಜೋಕು ಎಂದುಕೊಂಡು ಈ ಮಹಾನುಭಾವ ಅದನ್ನು ವಾರವಿಡೀ ಹೇಳಿಕೊಂಡು ತಿರುಗಿದ.

ಅವನ ಹೆಂಡತಿ ಮೂರು ಬೀದಿ ಆಚೆಯ ಬೇಕರಿಯಲ್ಲಿ ಬೆಳಗಿನ ಪಾಳಿಯವಳು. ಗಂಡ ಎಷ್ಟು ಬಿಗಿಯೋ ಅವಳು ಅಷ್ಟೇ ಸಡಿಲ. ಮಕ್ಕಳಿಲ್ಲದ ಇಬ್ಬರಿಗೂ ಭಾನುವಾರವೆಂದರೆ ಗುಡ್ಡ. ಮನೆಯ ಹಿತ್ತಲಿನ ಗೇಟು ತೆರೆದರೆ ಗುಡ್ಡದ ಕಾಲುದಾರಿ. ಅವಳು ಮುಂದೆ, ಅವನು ಹಿಂದೆ. ಬಾಯಿಪಾಠವಾಗಿ ಹೋದ ದಾರಿಗೂ ಅವನ ಕೈಯಲ್ಲಿ ನಕ್ಷೆ. ಸಂಜೆ ಅಡುಗೆ. ಅವನು ಪುಸ್ತಕ ನೋಡಿ ಗ್ರಾಂ ಲೆಕ್ಕದಲ್ಲಿ ಓದಿ ಹೇಳುತ್ತಿದ್ದ, ಅವಳು ಕೇಳಿಸಿಕೊಂಡ ಹಾಗೆ ಮಾಡಿ ಕೈ ಅಂದಾಜಿನಲ್ಲಿ ಹಾಕುತ್ತಿದ್ದಳು. ಹಿತ್ತಲ ತೋಟದಲ್ಲಿ ಟೊಮೇಟೊ, ಬೀನ್ಸು, ಸೌತೆ, ಗೋಡೆಯುದ್ದಕ್ಕೂ ಗುಲಾಬಿ. ಪ್ರತಿ ಗಿಡಕ್ಕೂ ಅವನು ತಗಡಿನ ಚೀಟಿ ಕಟ್ಟಿ, ನೆಟ್ಟ ತಾರೀಕು ಕೊರೆದಿದ್ದ.

ವರ್ಷಕ್ಕೊಮ್ಮೆ ಹನ್ನೆರಡು ದಿನದ ಪ್ರವಾಸ. ಬಂದ ಮೇಲೆ ಬೀದಿಯವರಿಗೆಲ್ಲ ತೋಟದಲ್ಲಿ ಊಟ. ಹೋದ ಊರಿನಲ್ಲಿ ಕಲಿತ ಅಡುಗೆಯನ್ನು ಹೆಂಡತಿ ಬಡಿಸುತ್ತಿದ್ದಳು, ಗಂಡ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಫೋಟೋ ಬಿಟ್ಟು ಯಾವ ದಿನ ಎಷ್ಟು ಗಂಟೆಗೆ ಎಲ್ಲಿದ್ದೆವು ಎಂದು ಹೇಳುತ್ತಿದ್ದ. ಎದುರುಮನೆಯ ಕ್ಷೌರದಂಗಡಿಯವನು ಅರ್ಧಕ್ಕೇ ನಿದ್ದೆ ಹೋಗುತ್ತಿದ್ದ. ಊಟ ಚೆನ್ನಾಗಿರುತ್ತಿತ್ತು, ಆದ್ದರಿಂದ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಈ ಸಲದ ಪ್ರವಾಸ ಸಮುದ್ರ ತೀರಕ್ಕೆ. ಹೆಂಡತಿ ಮದುವೆಯಾದಾಗಿನಿಂದ ಸಮುದ್ರ ಸಮುದ್ರ ಎಂದವಳು, ಇವನು ಬೆಟ್ಟ ಬೆಟ್ಟ ಎಂದು ಎಳೆದುಕೊಂಡು ಹೋದವನು. ಕೊನೆಗೂ ಒಪ್ಪಿದ. ಆರನೇ ತಾರೀಕು ಬೆಳಿಗ್ಗೆ ರೈಲು. ಹೊರಡುವ ಹಿಂದಿನ ದಿನ ನರ್ಸಮ್ಮನನ್ನು ಕರೆದು ತೋಟದ ಗೇಟಿನ ಇನ್ನೊಂದು ಬೀಗದ ಕೈಯನ್ನೂ ನಾಲ್ಕು ಪುಟದ ಸೂಚನೆಯನ್ನೂ ಕೊಟ್ಟ. ಯಾವ ಗಿಡಕ್ಕೆ ಎಷ್ಟು ಮಗ್ಗು, ಎಲೆಯ ಮೇಲೆ ಬೀಳಬೇಕೋ ಬುಡಕ್ಕೆ ಬೀಳಬೇಕೋ, ಎಲ್ಲ ಅದರಲ್ಲಿತ್ತು.

"ಪೈಪ್ ಇಲ್ವಾ?" ಎಂದು ನರ್ಸಮ್ಮ ಕೇಳಿದರು.

"ಪೈಪಿನ ರಭಸಕ್ಕೆ ಬೇರು ಮೇಲೆ ಬರುತ್ತೆ. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಕಷ್ಟ. ಬಕೆಟ್ಟಲ್ಲೇ ಹಾಕಿ."

ಪೈಪನ್ನು ಸುತ್ತಿ ಅಡುಗೆಮನೆಯ ಮೂಲೆಗಿಟ್ಟ. ಮಾರನೇ ಬೆಳಿಗ್ಗೆ ಮನೆಗೆ ಬೀಗ ಹಾಕುವ ಹೊತ್ತಿಗೆ ಬೀದಿಗೆ ಬೀದಿಯೇ ಬಂದು ಬೀಳ್ಕೊಟ್ಟಿತು. ಕ್ಷೌರದಂಗಡಿಯವನು ಚೀಲ ಎತ್ತಿ ಟ್ಯಾಕ್ಸಿಗೆ ಇಟ್ಟ. ನರ್ಸಮ್ಮ ಹೊಟ್ಟೆನೋವಿನ ಮಾತ್ರೆ, ಬ್ಯಾಂಡೇಜು ಎಲ್ಲ ಒಂದು ಡಬ್ಬಿಯಲ್ಲಿ ತುಂಬಿ ಕೊಟ್ಟರು.

ನಿಲ್ದಾಣದಲ್ಲಿ ಇವರ ಸೀಟಿನಲ್ಲಿ ಬೇರೆ ಯಾರೋ ಕುಳಿತಿದ್ದರು. ತಾರೀಕಪ್ಪ ಧ್ವನಿ ಏರಿಸಿದ. ಟಿಕೆಟ್ ಪರೀಕ್ಷಕ ಬಂದು ಚೀಟಿ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದ.

"ಸಾರ್, ಇದು ಇಪ್ಪತ್ತೊಂದನೇ ತಾರೀಕಿಂದು."

ಆರಕ್ಕೆ ಹದಿನೈದು ಸೇರಿದರೆ ಇಪ್ಪತ್ತೊಂದು. ಟಿಕೆಟ್ ಮಾಡಿಸುವಾಗ ಕಿಟಕಿಯ ಆಚೆಯವನು ತಾರೀಕು ಕೇಳಿದ್ದ, ಇವನ ತಲೆಯಲ್ಲಿ ಆರು ಇತ್ತು, ಇಪ್ಪತ್ತೇಳು ವರ್ಷ ಪಳಗಿದ ಕೈ ತನ್ನ ಪಾಡಿಗೆ ಇಪ್ಪತ್ತೊಂದು ಬರೆದಿತ್ತು. ವಾಪಸು ಬರುವ ಟಿಕೆಟ್ಟಿಗೂ ಹಾಗೇ. ತಾನೇ ಬರೆದ ತಾರೀಕನ್ನು ಇನ್ನೊಮ್ಮೆ ನೋಡುವ ಅಭ್ಯಾಸ ಅವನಿಗೆ ಇರಲಿಲ್ಲ. ರಜೆಯ ಕಾಲ, ರೈಲುಗಳೆಲ್ಲ ಭರ್ತಿ. ಇಪ್ಪತ್ತೊಂದಕ್ಕೆ ಹೋಗೋಣವೆಂದರೆ ಅಷ್ಟು ಹೊತ್ತಿಗೆ ಇಬ್ಬರ ರಜೆಯೂ ಮುಗಿದಿರುತ್ತದೆ.

ರೈಲು ಹೋದ ಮೇಲೆ ಇಂಗು ತಿಂದ ಮಂಗನ ಹಾಗೆ ಬೆಂಚಿನ ಮೇಲೆ ಕುಳಿತ. ಹೆಂಡತಿಯ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಂಡು ಅವಳೇ ಮೊದಲು ನಕ್ಕಳು. "ಹೋಗಲಿ ಬಿಡಿ. ಮನೆಗೆ ಹೋಗಿ ಎಲ್ಲರಿಗೂ ಹೇಳಿಬಿಡೋಣ. ನಾಲ್ಕು ದಿನ ನಗ್ತಾರೆ, ಸುಮ್ಮನಾಗ್ತಾರೆ."

"ಯಾರಿಗೆ ಹೇಳೋದು? ಆ ಕ್ಷೌರದಂಗಡಿಯವನಿಗಾ? ತಾರೀಕಪ್ಪನಿಗೆ ತಾರೀಕೇ ಗೊತ್ತಾಗಲಿಲ್ಲ ಅಂತ ಬಂದವರ ತಲೆ ಬೋಳಿಸ್ತಾ ಬೋಳಿಸ್ತಾ ಹೇಳ್ತಾನೆ. ನಾಳೆ ನಾನು ಕೌಂಟರಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ?"

ತನಗೊಂದು ಅಡ್ಡಹೆಸರಿದೆ ಎಂದು ಅವನು ಬಾಯಿಬಿಟ್ಟು ಒಪ್ಪಿಕೊಂಡಿದ್ದು ಅದೇ ಮೊದಲು. ಹೆಂಡತಿ ಅವನ ಮುಖ ನೋಡಿದಳು, ವಾದ ಮಾಡಲಿಲ್ಲ. ಆಮೇಲೆ ಅವನು ಹೇಳಿದ ಉಪಾಯ ಕೇಳಿದಾಗ ಮಾತ್ರ, "ನಿಮಗೆ ತಲೆ ಕೆಟ್ಟಿದೆಯೇನ್ರೀ" ಎಂದಳು. ಬೀದಿಯ ಕಡೆಯಿಂದ ಬೇಡ. ಚೀಲ ಹೊತ್ತು ಗುಡ್ಡ ಹತ್ತಿ, ಆ ಕಡೆಯಿಂದ ಇಳಿದು, ಮಧ್ಯಾಹ್ನ ಜನ ಮಲಗಿದ ಹೊತ್ತಿಗೆ ಹಿತ್ತಲ ಗೇಟಿನಿಂದ ಒಳಗೆ ಸೇರುವುದು. ಹನ್ನೆರಡು ದಿನ ಮನೆಯೊಳಗೆ ಉಸಿರು ಬಿಡದೆ ಇರುವುದು. ಹದಿಮೂರನೇ ದಿನ ಅದೇ ದಾರಿಯಲ್ಲಿ ಹೋಗಿ, ಮುಂಬಾಗಿಲಿಗೆ ಟ್ಯಾಕ್ಸಿಯಲ್ಲಿ ಬಂದು ಇಳಿಯುವುದು.

ಅವಳು ಯಾಕೆ ಒಪ್ಪಿದಳು ಎಂದರೆ, ಒಪ್ಪದಿದ್ದರೆ ಅವನು ಆ ಬೆಂಚಿನಿಂದ ಏಳುವ ಹಾಗೆ ಕಾಣಲಿಲ್ಲ.

ಮನೆಯೊಳಗಿನ ಜೀವನ ಶುರುವಾಯಿತು. ಪರದೆ ಸರಿಸುವ ಹಾಗಿಲ್ಲ, ದೀಪ ಹಾಕುವ ಹಾಗಿಲ್ಲ. ಎಣ್ಣೆಗೆ ಈರುಳ್ಳಿ ಹಾಕಿದರೆ ವಾಸನೆ ಪಕ್ಕದ ಮನೆಗೆ ಹೋಗುತ್ತದೆ, ಆದ್ದರಿಂದ ಬೇಯಿಸಿದ ಆಲೂಗಡ್ಡೆ, ಉಪ್ಪು, ದಾರಿಗೆಂದು ಕಟ್ಟಿಕೊಂಡಿದ್ದ ಬ್ರೆಡ್ಡು. ಗುಡ್ಡವಿಲ್ಲದೆ ಕಾಲು ಹಿಡಿದುಕೊಂಡ ಹಾಗಾಗಿ ಹೆಂಡತಿ ಕಾಲುಚೀಲ ಹಾಕಿಕೊಂಡು ಮಲಗುವ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಲಗುವ ಕೋಣೆಗೆ ಓಡಾಡುತ್ತಿದ್ದಳು. "ಎಷ್ಟು ದೂರ ಬಂದೆ?" ಎಂದು ಅವನು ಪಿಸುಗುಟ್ಟಿದರೆ, "ಸಮುದ್ರಕ್ಕೆ ಇನ್ನೂ ಬಹಳ ಇದೆ" ಎನ್ನುತ್ತಿದ್ದಳು. ಮೊದಲ ದಿನ ಇಬ್ಬರೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು.

ನಗು ನಿಂತದ್ದು ಮಾರನೇ ಬೆಳಿಗ್ಗೆ ಏಳು ಗಂಟೆಗೆ. ಗೇಟು ಕಿರುಗುಟ್ಟಿತು. ನರ್ಸಮ್ಮ ಬಂದರು. ತಾರೀಕಪ್ಪ ಅಡುಗೆಮನೆಯ ಪರದೆಯ ಸಂದಿನಿಂದ ನೋಡಿದ. ಅವರು ಕನ್ನಡಕ ಹಾಕಿಕೊಂಡು, ನಾಲ್ಕು ಪುಟದ ಸೂಚನೆಯನ್ನು ಮೊದಲ ಸಾಲಿನಿಂದ ಓದುತ್ತಾ, ಒಂದೊಂದು ಗಿಡದ ಮುಂದೆ ನಿಂತು ಚೀಟಿ ನೋಡಿ, ಮಗ್ಗು ಎಣಿಸಿ ನೀರು ಹಾಕುತ್ತಿದ್ದರು. ನಲ್ಲಿಯಿಂದ ಗುಲಾಬಿಯ ಗೋಡೆಗೆ ಮೂವತ್ತು ಹೆಜ್ಜೆ. ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ನಡುವೆ ಎರಡು ಸಲ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಿಂತು, ಮತ್ತೆ ಎತ್ತುತ್ತಿದ್ದರು. ಹಾಗೆ ಹದಿನಾಲ್ಕು ಬಕೆಟ್ಟು. ಪೈಪು ಇವನ ಕಾಲ ಬಳಿ ಸುರುಳಿ ಸುತ್ತಿ ಬಿದ್ದಿತ್ತು.

"ನೋಡಿದ್ರಾ?" ಎಂದಳು ಹಿಂದೆ ನಿಂತ ಹೆಂಡತಿ. "ಈಗಲೇ ಬಾಗಿಲು ತೆಗೀರಿ."

"ನಾಳೆ ಹೇಳೋಣ."

ನಾಳೆ ಎನ್ನುವುದು ದಿನದಿಂದ ದಿನಕ್ಕೆ ಭಾರವಾಯಿತು. ಮೊದಲ ದಿನ ಹೇಳಿದ್ದರೆ ನಗೆಪಾಟಲು, ಅಷ್ಟೇ. ಮೂರನೇ ದಿನ ಹೇಳಿದರೆ, ಆ ಮುದುಕಿ ನೀರು ಹೊರುವುದನ್ನು ಮೂರು ದಿನ ಕದ್ದು ನೋಡಿದವರು ಎಂದಾಗುತ್ತದೆ. ಅದಕ್ಕೆ ನಾಲ್ಕನೇ ದಿನವೂ ಹೇಳಲಿಲ್ಲ. ನಾಚಿಕೆ ಹೀಗೆ ಒಂದರ ಮೇಲೊಂದು ಪೇರಿಸಿಕೊಂಡು ಹೋಗುತ್ತದೆ, ಕೆಳಗಿನದನ್ನು ಎಳೆಯಲು ಹೋದರೆ ಎಲ್ಲ ತಲೆಯ ಮೇಲೆ ಬೀಳುತ್ತದೆ.

ಅದರ ನಡುವೆಯೂ ಅವನು ಸುಮ್ಮನಿರಲಿಲ್ಲ. ಗ್ರಂಥಾಲಯದಿಂದ ತಂದಿದ್ದ ಸಮುದ್ರ ತೀರದ ಪ್ರವಾಸದ ಪುಸ್ತಕ ಹಿಡಿದು, ಹೋಗದ ಊರಿನ ದಿನಚರಿ ಬರೆಯತೊಡಗಿದ. ಬೀದಿಯವರ ಮುಂದೆ ಕಾಗೆ ಹಾರಿಸಬೇಕಲ್ಲ, ಅದಕ್ಕೆ ತಯಾರಿ. "ಮೂರನೇ ದಿನ ದೀಪಸ್ತಂಭ ಹತ್ತಿದ್ವಿ, ಇನ್ನೂರ ಎಂಟು ಮೆಟ್ಟಿಲು. ನೀನು ನೂರೈವತ್ತಕ್ಕೇ ಸುಸ್ತಾದೆ. ನೆನಪಿಟ್ಕೋ, ಕೇಳಿದರೆ ಇಬ್ಬರದೂ ಒಂದೇ ಥರ ಬರಬೇಕು."

"ನಾನು ಸುಸ್ತಾಗಲ್ಲ" ಎಂದಳು ಹೆಂಡತಿ. ಸ್ವಲ್ಪ ಹೊತ್ತಿನ ಮೇಲೆ, "ನಾನು ಸಮುದ್ರ ನೋಡೇ ಇಲ್ಲ. ನೋಡಿದೆ ಅಂತ ಮಾತ್ರ ನನ್ನ ಕೈಲಿ ಹೇಳಿಸಬೇಡಿ" ಎಂದಳು.

ಬಚ್ಚಿಟ್ಟುಕೊಂಡ ಆರನೇ ದಿನ ಬೆಳಿಗ್ಗೆ ಹೆಂಡತಿ ಇನ್ನೂ ಮಲಗಿದ್ದಳು. ತಾರೀಕಪ್ಪ ಎಂದಿನಂತೆ ಪರದೆಯ ಹಿಂದೆ ನಿಂತಿದ್ದ. ನೋಡುವುದು ಅವನಿಗೆ ಹಿಂಸೆ, ನೋಡದೆ ಇರುವುದು ಇನ್ನೂ ಹಿಂಸೆ. ನರ್ಸಮ್ಮ ಒಂಬತ್ತನೇ ಬಕೆಟ್ಟು ತುಂಬಿಸಿ ತಿರುಗಿದರು. ನಲ್ಲಿಯ ಬಳಿ ಪಾಚಿ ಕಟ್ಟಿತ್ತು. ಕಾಲು ಜಾರಿತು. ಬಕೆಟ್ಟು ಉರುಳಿದ ಸದ್ದು, ಅದರ ಹಿಂದೆಯೇ ಇನ್ನೊಂದು ಮೆತ್ತನೆಯ ಸದ್ದು. ಅವರು ಒಂದು ಮಗ್ಗುಲಾಗಿ ಬಿದ್ದಿದ್ದರು, ಬಲಗಾಲು ನೋಡಬಾರದ ರೀತಿಯಲ್ಲಿ ತಿರುಗಿತ್ತು. ಕೂಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಈ ಮನುಷ್ಯ ಕೆಟ್ಟವನಲ್ಲ. ಬಿದ್ದವರನ್ನು ನೋಡಿದ ಕೂಡಲೇ ಅವನ ಎದೆ ಧಸಕ್ಕೆಂದಿದ್ದು ನಿಜ, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದೂ ನಿಜ. ಎರಡನೇ ಹೆಜ್ಜೆಗೆ ತನ್ನ ಬರಿಗಾಲು ಕಣ್ಣಿಗೆ ಬಿತ್ತು. ಲುಂಗಿ, ಬನಿಯನ್, ಐದು ದಿನದ ಗಡ್ಡ. ಹೀಗೆ ಹೊರಗೆ ಹೋದರೆ ಒಳಗೇ ಇದ್ದ ಎಂದು ಕುರುಡನಿಗೂ ಗೊತ್ತಾಗುತ್ತದೆ. ಪ್ಯಾಂಟು, ಅಂಗಿ ಹಾಕಿಕೊಂಡು, ಗುಡ್ಡ ಹತ್ತುವ ಶೂ ಕಟ್ಟಿಕೊಂಡು, ಹೆಗಲಿಗೆ ಚೀಲ ಏರಿಸಿ ಹೋದರೆ? ಹುಷಾರಿಲ್ಲದೆ ಪ್ರವಾಸ ಅರ್ಧಕ್ಕೇ ಬಿಟ್ಟು ಈಗ ತಾನೇ ಮುಂಬಾಗಿಲಿನಿಂದ ಬಂದೆವು ಎನ್ನಬಹುದು. ಇಷ್ಟೆಲ್ಲ ಅವನ ತಲೆಯಲ್ಲಿ ಬಂದು ಹೋಗಲು ಕ್ಷಣವೂ ಹಿಡಿಯಲಿಲ್ಲ. ಮಾಡಲು ಹಿಡಿಯಿತು.

ಹೆಂಡತಿ ಎದ್ದು ಬಂದಾಗ ಅವನು ಸ್ಟೂಲಿನ ಮೇಲೆ ಕುಳಿತು ಎಡಗಾಲಿನ ಶೂಗೆ ದಾರ ಕಟ್ಟುತ್ತಿದ್ದ. ಗಂಟು ಎರಡು ಸಲ ಬಿಚ್ಚಿಹೋಗಿತ್ತು. ಅವಳು ಅವನನ್ನು ನೋಡಿದಳು, ಪರದೆ ಸರಿಸಿ ಹೊರಗೆ ನೋಡಿದಳು, ಇನ್ನೊಮ್ಮೆ ಅವನ ಕಾಲಿನ ಕಡೆ ನೋಡಿದಳು. ಆಮೇಲೆ ಬಾಗಿಲು ತೆಗೆದು, ಮಲಗಿದ್ದ ಬಟ್ಟೆಯಲ್ಲೇ, ಬರಿಗಾಲಿನಲ್ಲಿ ಓಡಿದಳು. ಅವನು ಹಿಂದೆ ಹೋದ. ಕಲ್ಲಿನ ಮೇಲೆ ಶೂ ಟಕಟಕ ಎಂದಿತು.

ನರ್ಸಮ್ಮ ಇಬ್ಬರನ್ನೂ ನೋಡಿದರು. ಆಶ್ಚರ್ಯಪಡಲಿಲ್ಲ. ಹೆಂಡತಿಗೆ, "ನನ್ನ ಎತ್ತಬೇಡಮ್ಮ, ಸೊಂಟದ ಹತ್ತಿರ ಮೂಳೆ ಹೋಗಿದೆ. ಗಾಡಿ ಕರೆಸು" ಎಂದರು. ಆಮೇಲೆ ಮೆಲ್ಲಗೆ, "ಜನ ಬಂದಾಗ ಈಗ ತಾನೇ ಊರಿಂದ ಬಂದ್ರಿ ಅಂತ ನಾನೇ ಹೇಳ್ತೀನಿ" ಎಂದು ಸೇರಿಸಿದರು.

ಹೆಂಡತಿ ಅದಕ್ಕೆ ಅವಕಾಶ ಕೊಡಲಿಲ್ಲ. ಬೀದಿಗೆ ಓಡಿ ಕೂಗಿ ಜನ ಸೇರಿದಾಗ, ಕ್ಷೌರದಂಗಡಿಯವನು, "ಅಕ್ಕಾ, ನೀವು ಯಾವಾಗ ಬಂದ್ರಿ?" ಎಂದ. "ನಾವು ಹೋಗೇ ಇಲ್ಲ. ಇವರು ಟಿಕೆಟ್ಟಿಗೆ ತಪ್ಪು ತಾರೀಕು ಹಾಕಿಸಿದ್ರು. ನಾಚಿಕೆಗೆ ಒಳಗೇ ಕೂತಿದ್ವಿ" ಎಂದಳು, ಒಂದೇ ಉಸಿರಿನಲ್ಲಿ. ಕ್ಷೌರದಂಗಡಿಯವನು ತಾರೀಕಪ್ಪನ ಶೂ ನೋಡಿದ, ಏನೋ ಕೇಳಬೇಕೆಂದುಕೊಂಡವನು ಗಾಡಿ ಬಂದದ್ದರಿಂದ ಮರೆತ.

ನರ್ಸಮ್ಮನಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವಕ್ಕೆ ಅಪಾಯವಿಲ್ಲ, ನಡೆಯಲು ತಿಂಗಳುಗಳು ಬೇಕು ಎಂದರು. ಅವರು ಪಾರಾದರು ಎಂದು ತಿಳಿದ ಮೇಲೆ ಬೀದಿ ನಗಲು ಶುರುಮಾಡಿತು. ತಾರೀಕಪ್ಪ ಯಾವುದಕ್ಕೆ ಅಷ್ಟು ಹೆದರಿದ್ದನೋ ಅದೆಲ್ಲ ಆಯಿತು. "ಫೋಟೋ ಯಾವತ್ತು ತೋರಿಸ್ತೀರಾ?" ಎಂದು ಕೇಳಿದರು. ಗ್ರಂಥಾಲಯದಲ್ಲಿ ಒಬ್ಬ ಹಿರಿಯರು ಮೊಹರು ಹಾಕಿದ ಚೀಟಿಯನ್ನು ಬೆಳಕಿಗೆ ಹಿಡಿದು, "ಸರಿ ಇದೆಯಾ, ಇನ್ನೊಮ್ಮೆ ನೋಡಿ" ಎಂದರು. ಸಾಲಿಗೆ ಸಾಲೇ ನಕ್ಕಿತು. ಅವನೂ ನಕ್ಕ. ನೋಡಿದರೆ ಅಂಥ ನೋವೇನೂ ಆಗಲಿಲ್ಲ. ಸೊಳ್ಳೆ ಕಚ್ಚಿದಷ್ಟು ಆಯಿತು. ಇಷ್ಟಕ್ಕಾಗಿಯೇ ತಾನು ಪರದೆಯ ಹಿಂದೆ ನಿಂತಿದ್ದು ಎಂದು ಗೊತ್ತಾದಾಗ ಮಾತ್ರ ಅವನ ನಗು ಅರ್ಧಕ್ಕೇ ನಿಂತಿತು.

ಶೂ ಸಂಗತಿಯನ್ನು ಹೆಂಡತಿ ಯಾರಿಗೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಎಂದಿನಂತೆ ಬೇಕರಿಗೆ ಹೋದಳು, ಅಡುಗೆ ಮಾಡಿದಳು, ಸಂಜೆ ಪೈಪು ಹಾಕಿ ತೋಟಕ್ಕೆ ನೀರು ಬಿಟ್ಟಳು. ಬೇರು ಯಾವುದೂ ಮೇಲೆ ಬರಲಿಲ್ಲ. ಭಾನುವಾರ ಗುಡ್ಡಕ್ಕೂ ಹೋದರು. ಅವಳು ಮುಂದೆ, ಅವನು ಹಿಂದೆ. ಮೊದಲೆಲ್ಲ ತಿರುವಿನಲ್ಲಿ ನಿಂತು ಅವನು ಬಂದನೇ ಎಂದು ತಿರುಗಿ ನೋಡುತ್ತಿದ್ದಳು. ಈ ಸಲ ನೋಡಲಿಲ್ಲ. ತುದಿಯಲ್ಲಿ ಕುಳಿತು ಕಿತ್ತಳೆ ಸುಲಿದು ಅರ್ಧ ಅವನಿಗೆ ಕೊಟ್ಟಳು. ಅವನು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಕಿತ್ತಳೆಯ ತೊಳೆಯನ್ನೇ ಬಾಯಿಗೆ ಹಾಕಿಕೊಂಡ.

ಇಳಿಯುವಾಗ ಕೊನೆಗೆ ಕೇಳಿದ. "ನೀನು ನನ್ನ ಏನೂ ಕೇಳಲ್ವಾ?"

"ನನ್ನ ಹತ್ತಿರ ಹೇಳಿ ಏನು ಪ್ರಯೋಜನ" ಎಂದಳು ಅವಳು. "ಬಿದ್ದಿದ್ದು ನಾನಲ್ಲ."

ಮಾರನೇ ದಿನ ಮಧ್ಯಾಹ್ನ ಅವನು ಒಬ್ಬನೇ ಆಸ್ಪತ್ರೆಗೆ ಹೋದ. ಆರು ಹಾಸಿಗೆಯ ಕೋಣೆ, ಕಿಟಕಿಯ ಪಕ್ಕ ನರ್ಸಮ್ಮ. ಅವರಿಗೆ ಹಣ್ಣು ತಂದಿದ್ದ, ಅದನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ನಿಂತ. ಅವರು ಸ್ಟೂಲು ತೋರಿಸಿದರು. ತೋಟ ಹೇಗಿದೆ, ಬೀನ್ಸು ಕಾಯಿ ಬಿಟ್ಟಿತೇ ಎಂದು ವಿಚಾರಿಸಿದರು. ಬಿಟ್ಟಿದೆ ಎಂದ.

"ನರ್ಸಮ್ಮ, ನೀವು ಬಿದ್ದಿದ್ದನ್ನ ನಾನು ನೋಡಿದೆ" ಎಂದ. "ಕೂಡಲೇ ಬರಲಿಲ್ಲ. ಶೂ ಹಾಕ್ಕೊಂಡೆ. ಊರಿಂದ ಬಂದವರ ಥರ ಕಾಣಲಿ ಅಂತ. ಒಂದು ನಿಮಿಷ ಆಗಿರಬಹುದು."

ನರ್ಸಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಮುಖದಲ್ಲಿ ಕೋಪ ಹುಡುಕಿದ, ಸಿಗಲಿಲ್ಲ.

"ನಾಲ್ಕು ನಿಮಿಷದ ಮೇಲಾಗಿತ್ತು" ಎಂದರು. "ಮೂವತ್ತೈದು ವರ್ಷದ ಅಭ್ಯಾಸ ನೋಡಿ. ನೋವು ತಡೆಯೋಕೆ ನನ್ನ ನಾಡಿ ನಾನೇ ಹಿಡ್ಕೊಂಡು ಎಣಿಸ್ತಾ ಇದ್ದೆ. ನಾನೂರು ದಾಟಿದ ಮೇಲೆ ಲೆಕ್ಕ ತಪ್ಪಿತು."

ಅವನಿಗೆ ನೆಲ ಬಾಯಿಬಿಟ್ಟು ನುಂಗಿಬಿಡಬಾರದೇ ಎನಿಸಿತು. ತಪ್ಪೊಪ್ಪಿಕೊಳ್ಳಲು ಬಂದವನು ಅಲ್ಲೂ ಮೂರು ನಿಮಿಷ ಕದ್ದಿದ್ದ.

"ನೀವು ಯಾಕೆ ಕೂಗಲಿಲ್ಲ?" ಎಂದು ಕೇಳಿದ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ್ದು.

"ಕೂಗಿದ್ರೆ ಬೀದಿಯವರೆಲ್ಲ ಗೇಟು ಮುರ್ಕೊಂಡು ಬರ್ತಿದ್ರು. ನೀವಿಬ್ಬರೂ ಒಳಗಿದ್ರಲ್ಲ."

"ನಿಮಗೆ ಗೊತ್ತಿತ್ತಾ?"

"ಮೊದಲನೇ ದಿನವೇ ಗೊತ್ತಾಯ್ತು. ಅಡುಗೆಮನೆ ಕಿಟಕಿಗೆ ಬೆಳಗಿನ ಹೊತ್ತು ಒಳಗಿನಿಂದ ಹಬೆ ಕಟ್ಟಿತ್ತು. ಏನೋ ಮುಜುಗರ ಆಗಿದೆ ಪಾಪ, ತಾವಾಗೇ ಬಂದಾಗ ಬರಲಿ ಅಂತ ಸುಮ್ಮನಾದೆ." ಅವರು ತಲೆದಿಂಬಿನ ಮೇಲೆ ಸ್ವಲ್ಪ ಸರಿದರು, ಮುಖ ಕಿವುಚಿತು. "ಬಿದ್ದಾಗ ಪರದೆ ಅಲ್ಲಾಡಿದ್ದು ಕಂಡಿತು. ಬರ್ತಾರೆ ಅಂದ್ಕೊಂಡೆ. ಅದಕ್ಕೇ ಎಣಿಸೋಕೆ ಶುರು ಮಾಡಿದ್ದು."

ಅವನು ಹಣ್ಣನ್ನು ಹಾಸಿಗೆಯ ಪಕ್ಕದ ಮೇಜಿನ ಮೇಲಿಟ್ಟ. ಪಕ್ಕದ ಹಾಸಿಗೆಯವರು ಕೆಮ್ಮಿದರು, ಬಾಗಿಲ ಬಳಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ನರ್ಸಮ್ಮ ಕುಡಿಯಲು ನೀರು ಕೇಳಿದರು. ಅವನು ಎದ್ದು ಜಗ್ಗಿನಿಂದ ಲೋಟಕ್ಕೆ ಬಗ್ಗಿಸಿ ಕೊಟ್ಟ. ಕೈಯಿಂದ ಕೈಗೆ ಹೋಗುವಾಗ ಅರ್ಧ ನೀರು ಹೊದಿಕೆಯ ಮೇಲೆ ಚೆಲ್ಲಿತು, ಅದನ್ನೂ ಅವರೇ ಒರೆಸಿಕೊಂಡರು.